ಹಗುರ ಡೀಸೆಲ್ ಜನರೇಟರ್: ತೂಕವನ್ನು ಎಲ್ಲಿ ನಿಂತು ಅಳೆಯಬೇಕು?

ಭೋಸರಿ ಬೆಂಚ್ (ಚರ್ಚೆ ತೆರೆದವರು)

ಬಳಗದ ಎಲ್ಲರಿಗೂ ನಮಸ್ಕಾರ. ಮೂಲತಃ ಗದಗದ ಕಡೆಯವನಾದ ನಾನು ಹದಿನಾಲ್ಕು ವರ್ಷಗಳಿಂದ ಪುಣೆ ಪಕ್ಕದ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಎಂಜಿನ್ನುಗಳ ಕೆಲಸ ಮಾಡುತ್ತಿದ್ದೇನೆ. ಸೇನೆಯ ಮುಂಚೂಣಿ ಠಾಣೆಗಳಿಗೆ ಹೊತ್ತೊಯ್ಯಬಹುದಾದ 2 ಕಿಲೋವ್ಯಾಟ್ ಡೀಸೆಲ್ ಜನರೇಟರ್ ಒಂದನ್ನು ನಮ್ಮ ಚಿಕ್ಕ ತಂಡ ಎರಡು ವರ್ಷಗಳಿಂದ ರೂಪಿಸುತ್ತಿದೆ. ಗಾಳಿಯಿಂದ ತಂಪಾಗುವ, 230 ಸಿಸಿಯ, ಒಂದೇ ಸಿಲಿಂಡರಿನ ಎಂಜಿನ್. ಅದರ ಶಾಫ್ಟಿಗೇ ಕೂಡಿಸಿದ, ವಿದ್ಯುತ್ ಹುಟ್ಟಿಸುವ ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರ್. ಅದರ ಮುಂದೆ, ಆ ವಿದ್ಯುತ್ತನ್ನು 50 ಹರ್ಟ್ಜಿಗೆ ಹದಗೊಳಿಸುವ ಒಂದು ಇನ್ವರ್ಟರ್. ಇಂಧನ ತುಂಬುವ ಮೊದಲು ಒಟ್ಟು ತೂಕ 46 ಕಿಲೋ. ಅಮೆರಿಕ ಸೇನೆ ಬಹುಕಾಲದಿಂದ ಬಳಸುತ್ತಿರುವ 2 ಕಿಲೋವ್ಯಾಟ್ ಡೀಸೆಲ್ ಸೆಟ್ಟು 60 ಕಿಲೋ ದಾಟುತ್ತದೆ, ಅವರದೇ 3 ಕಿಲೋವ್ಯಾಟ್ ಸೆಟ್ಟು 150 ಕಿಲೋ ಆಸುಪಾಸಿನಲ್ಲಿದೆ ಎಂಬುದನ್ನು ನೆನೆದು ನಾವು ಸ್ವಲ್ಪ ಹೆಮ್ಮೆಯಿಂದಲೇ ಇದ್ದೆವು.

ಪುಣೆಯ ಪರೀಕ್ಷಾ ಬೆಂಚಿನ ಮೇಲೆ ಎಲ್ಲ ಪರೀಕ್ಷೆಗಳೂ ಸುಸೂತ್ರವಾಗಿ ಮುಗಿದವು. ಆಮೇಲೆ ಕಳೆದ ಚಳಿಗಾಲದಲ್ಲಿ, ಖರ್ಚೂ ನಮ್ಮದೇ, ಖರೀದಿಯ ಭರವಸೆಯೂ ಇಲ್ಲ ಎಂಬ ಷರತ್ತಿನ ಪ್ರಯೋಗಕ್ಕೆ ಅದನ್ನು ಲಡಾಖಿನ ಕಡೆ ಕಳಿಸಿದೆವು. ಸುಮಾರು 5,000 ಮೀಟರ್ ಎತ್ತರದಲ್ಲಿ ಮೊದಲ ದಿನ ಬೆಳಿಗ್ಗೆ ಆರಕ್ಕೆ ಹಗ್ಗ ಎಳೆಯಲು ಶುರು ಮಾಡಿದ ನಮ್ಮ ಹುಡುಗರಿಗೆ ಎಂಜಿನ್ ಓಗೊಟ್ಟದ್ದು ಬಿಸಿಲೇರಿ ಹನ್ನೊಂದಾದ ಮೇಲೆ. ಓಡಲು ಶುರುವಾದ ನಂತರವೂ 1.1 ಕಿಲೋವ್ಯಾಟ್ ದಾಟಿಸಿದರೆ ಸಾಕು, ಕಪ್ಪು ಹೊಗೆ. ಆ ಎತ್ತರದಲ್ಲಿ ಮೂರನೇ ಒಂದು ಭಾಗ ಶಕ್ತಿ ಕಡಿಮೆಯಾಗಬಹುದೆಂದು ಅಂದಾಜಿಸಿದ್ದೆವು. ಅರ್ಧಕ್ಕಿಂತ ಹೆಚ್ಚೇನೂ ಉಳಿಯಲಿಲ್ಲ. ನಮ್ಮ ಲೆಕ್ಕ ಎಲ್ಲಿ ತಪ್ಪಿತು, ಮುಂದಿನ ಪ್ರಯೋಗಕ್ಕೆ ಮುನ್ನ ಇಲ್ಲಿಯೇ ಯಾವ ಪರೀಕ್ಷೆಗಳನ್ನು ಸೇರಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕು.

ಡೊಂಬಿವಲಿ ಓದುಗ

ನಾನು ಈ ಕ್ಷೇತ್ರದವನಲ್ಲ, ಬ್ಯಾಂಕಿನಲ್ಲಿದ್ದೇನೆ. ಒಂದು ಮೂಲಭೂತ ಪ್ರಶ್ನೆ. ನಮ್ಮ ಸೊಸೈಟಿಯ ಗಣೇಶೋತ್ಸವಕ್ಕೆ ತರುವ 2 ಕೆವಿಎ ಪೆಟ್ರೋಲ್ ಇನ್ವರ್ಟರ್ ಜನರೇಟರನ್ನು ಒಬ್ಬನೇ ಹುಡುಗ ಸೂಟ್‌ಕೇಸಿನಂತೆ ಎತ್ತಿಕೊಂಡು ಬರುತ್ತಾನೆ. 21 ಕಿಲೋ ಎಂದು ಅದರ ಮೇಲೆಯೇ ಬರೆದಿದೆ. ಹೀಗಿರುವಾಗ ಅದರ ಎರಡು ಪಟ್ಟು ಭಾರದ ಡೀಸೆಲ್ ಸೆಟ್ಟಿಗಾಗಿ ಇಷ್ಟು ಹೆಣಗುವುದೇಕೆ?

ಖಡ್ಕಿ ನಿವೃತ್ತ

ಡೊಂಬಿವಲಿಯವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದು ಎಂಜಿನ್ನಿಗಿಂತ ಹೆಚ್ಚಾಗಿ ಸಾಗಾಟದ ವಿಷಯ. ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಯಂತ್ರಗಳ ದುರಸ್ತಿಯಲ್ಲೇ ಕಳೆದು, ಈಗ ಖಡ್ಕಿಯಲ್ಲಿ ನೆಲೆಸಿದ್ದೇನೆ.

ಠಾಣೆಗೆ ಬರುವ ಲಾರಿ ಡೀಸೆಲ್ಲಿನದು, ಹಿಮ ತೆಗೆಯುವ ಯಂತ್ರವೂ ಡೀಸೆಲ್ಲಿನದು. ಅಲ್ಲಿಗೆ ಎರಡು ಡಬ್ಬಿ ಪೆಟ್ರೋಲ್ ಬೇಕೆಂದರೆ ಅದಕ್ಕೊಂದು ಬೇರೆ ಬೇಡಿಕೆ ಪಟ್ಟಿ, ಬೇರೆ ಡಬ್ಬಿ, ಬೇರೆ ದಾಸ್ತಾನು, ಬೇರೆ ಕಾವಲು. ಮೇಲಾಗಿ ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಡೀಸೆಲ್ಲಿಗೆ ನಮ್ಮ ಮಾನಕ ಕೇಳುವ ಕನಿಷ್ಠ ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳಲು ಶುರುವಾಗುವ ಉಷ್ಣತೆ, 35 ಡಿಗ್ರಿ. ಸೀಮೆಎಣ್ಣೆಯ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುವ ಬಂಕರಿನ ಪಕ್ಕದಲ್ಲಿ ಪೆಟ್ರೋಲ್ ಇಟ್ಟುಕೊಂಡು ಮಲಗುವವನಿಗೆ ಈ ಅಂತರದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ನ್ಯಾಟೋ ದೇಶಗಳು 1980ರ ದಶಕದ ಕೊನೆಯಿಂದ ವಿಮಾನಕ್ಕೂ ಟ್ಯಾಂಕಿಗೂ ಜನರೇಟರಿಗೂ ಸೀಮೆಎಣ್ಣೆ ಜಾತಿಯ ಒಂದೇ ಇಂಧನ ಎಂಬ ನೀತಿಗೆ ಹೊರಳಿದ್ದೂ ಇದೇ ತಲೆನೋವಿನಿಂದಾಗಿ.

ಇನ್ನು ಭೋಸರಿಯವರೇ, ನಿಮ್ಮ 46 ಕಿಲೋ ಲೆಕ್ಕದ ಬಗ್ಗೆ ನನ್ನದೊಂದು ತಕರಾರಿದೆ. ಆ 46 ಕಿಲೋ ಒಂದೇ ಗಂಟು. ಹೇಸರಗತ್ತೆಯ ಬೆನ್ನಿಗೆ ಹೊರೆ ಕಟ್ಟುವವನು ಎಡಕ್ಕೂ ಬಲಕ್ಕೂ ಸಮತೂಕ ಹುಡುಕುತ್ತಾನೆ. ಒಂದು ಬದಿಗೆ ನಿಮ್ಮ ಯಂತ್ರ ಕಟ್ಟಿದರೆ ಇನ್ನೊಂದು ಬದಿಗೆ ಅಷ್ಟೇ ತೂಕದ ಏನನ್ನು ಕಟ್ಟಬೇಕು? ಎಂಜಿನ್ ಒಂದು ಕಡೆ, ಆಲ್ಟರ್ನೇಟರ್ ಮತ್ತು ಇನ್ವರ್ಟರ್ ಇನ್ನೊಂದು ಕಡೆ ಎಂದು ಬಿಚ್ಚಿ ಹೊತ್ತು ಮೇಲೆ ಜೋಡಿಸುವಂತಿದ್ದರೆ 50 ಕಿಲೋ ಆದರೂ ನಡೆಯುತ್ತಿತ್ತು. ಮನುಷ್ಯರು ಹೊರುವಾಗಲೂ ಅಷ್ಟೇ. ಕಿರಿದಾದ ಹಿಮದ ದಾರಿಯಲ್ಲಿ ಇಬ್ಬರು ಹಿಡಿಕೆ ಹಿಡಿದು ಪಕ್ಕಪಕ್ಕದಲ್ಲಿ ನಡೆಯುವುದು ಸಾಧ್ಯವೇ ಇಲ್ಲ, ಮುಂದೊಬ್ಬ ಹಿಂದೊಬ್ಬ ಎಂದೇ ಆಗಬೇಕು. ಹಿಡಿಕೆಗಳನ್ನು ಆ ರೀತಿ ಕೂಡಿಸಿದ್ದೀರಾ?

ನಮ್ಮೂರಿನ ಹೊಲದಲ್ಲಿ ನಾನು ಹುಡುಗನಿದ್ದಾಗ ಇದ್ದ ಪಂಪ್ ಎಂಜಿನ್ನನ್ನು ನಾಲ್ಕು ಜನ ಸೇರಿ ಬಂಡಿಗೆ ಏರಿಸುತ್ತಿದ್ದರು, ಆ ಭಾರವೇ ಅದರ ಗಟ್ಟಿತನದ ಸಾಕ್ಷಿ ಎಂದು ರೈತರು ನಂಬಿದ್ದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಇದೇ ಖಡ್ಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ತೆರೆದ ಕಾಲದಲ್ಲಿ ಹಗುರ ಎಂಜಿನ್ ಎಂದರೆ ಯಾರೂ ಕೊಳ್ಳುತ್ತಿರಲಿಲ್ಲವೇನೋ. ಅದೇ ಊರಿನಲ್ಲಿ ಕುಳಿತು ನೀವೀಗ ಗ್ರಾಂ ಗ್ರಾಂ ಕೆತ್ತುತ್ತಿರುವುದನ್ನು ಓದಿ ಖುಷಿಯಾಯಿತು.

ಕೋಥ್ರೂಡ್ ಟೆಸ್ಟ್‌ಸೆಲ್

ನಾನು ಎಂಜಿನ್ ಪರೀಕ್ಷಾ ಕೊಠಡಿಯಲ್ಲಿ ಕೆಲಸ ಮಾಡುವವಳು. ಭೋಸರಿಯವರ ಲೆಕ್ಕ ಎಲ್ಲಿ ತಪ್ಪಿರಬಹುದು ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಸ್ವಲ್ಪ ಉದ್ದವಾದರೂ ವಿವರಿಸುತ್ತೇನೆ.

5,000 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 60 ಪ್ರತಿಶತ. ಆದ್ದರಿಂದ ಶಕ್ತಿಯೂ 60 ಪ್ರತಿಶತ ಉಳಿಯುತ್ತದೆ ಎಂದು ಎಲ್ಲರೂ ಮೊದಲು ಎಣಿಸುತ್ತಾರೆ, ನೀವು ಅದಕ್ಕಿಂತಲೂ ಉದಾರವಾಗಿ ಎಣಿಸಿದ್ದೀರಿ. ಸಿಲಿಂಡರಿನೊಳಗೆ ಉತ್ಪತ್ತಿಯಾಗುವ ಶಕ್ತಿ ಗಾಳಿಯೊಂದಿಗೆ ಇಳಿಯುತ್ತದೆ, ಆದರೆ ಪಿಸ್ಟನ್ ಉಂಗುರಗಳು, ಬೇರಿಂಗುಗಳು, ಫ್ಯಾನ್, ಇಂಧನ ಪಂಪು ಇವೆಲ್ಲ ತಿನ್ನುವ ಶಕ್ತಿ ಎತ್ತರಕ್ಕೆ ಹೋದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಿಮ್ಮಷ್ಟು ಚಿಕ್ಕ ಎಂಜಿನ್ನಿನಲ್ಲಿ 3,000 ಆರ್‌ಪಿಎಂ ವೇಗಕ್ಕೆ ಆ ಘರ್ಷಣೆಯ ಪಾಲು 1.3 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಪುಣೆಯಲ್ಲಿ ಸಿಲಿಂಡರ್ 4.3 ಕೊಟ್ಟರೆ ಶಾಫ್ಟಿಗೆ 3 ಬರುತ್ತದೆ. ಮೇಲೆ ಸಿಲಿಂಡರ್ ಕೊಡುವುದು 2.6, ಅದರಿಂದ 1.3 ಕಳೆದರೆ ಶಾಫ್ಟಿಗೆ ಬರುವುದು 1.3, ಆಲ್ಟರ್ನೇಟರ್ ಮತ್ತು ಇನ್ವರ್ಟರ್ ದಾಟಿ ಹೊರಗೆ ಸಿಗುವುದು ನೀವು ಕಂಡ ಆ 1.1. ನಿಮ್ಮ ಎಂಜಿನ್ನಿನಲ್ಲಿ ದೋಷವೇನೂ ಇಲ್ಲ, ಅದು ಭೌತಶಾಸ್ತ್ರಕ್ಕೆ ಅಕ್ಷರಶಃ ವಿಧೇಯವಾಗಿ ನಡೆದುಕೊಂಡಿದೆ.

ಎಂಜಿನ್ ಶಕ್ತಿಯನ್ನು ಎತ್ತರ, ಹವೆಗೆ ತಕ್ಕಂತೆ ತಿದ್ದುವ ಐಎಸ್ಒ 3046 ಮಾನಕದ ಸೂತ್ರದಲ್ಲಿಯೇ ಯಾಂತ್ರಿಕ ದಕ್ಷತೆಯ, ಅಂದರೆ ಸಿಲಿಂಡರಿನ ಶಕ್ತಿಯಲ್ಲಿ ಶಾಫ್ಟಿಗೆ ತಲುಪುವ ಪಾಲಿನ, ಪದವೊಂದಿದೆ. ತಯಾರಕರು ಬೇರೆ ಹೇಳದಿದ್ದರೆ ಅದನ್ನು 80 ಪ್ರತಿಶತ ಎಂದು ಹಿಡಿಯುವುದು ರೂಢಿ, ದೊಡ್ಡ ಎಂಜಿನ್ನುಗಳಿಗೆ ಅದು ಸರಿಯೇ. ನಿಮ್ಮದು 70ರ ಆಸುಪಾಸಿನಲ್ಲಿರುತ್ತದೆ. ಆ ಒಂದು ಸಂಖ್ಯೆಯನ್ನು ಬದಲಿಸಿದರೆ ಉಳಿಯುವ ಶಕ್ತಿ 53 ಪ್ರತಿಶತದಿಂದ 48ಕ್ಕೆ ಇಳಿಯುತ್ತದೆ. ಸಿಲಿಂಡರ್ ಚಿಕ್ಕದಾದಷ್ಟೂ ಎತ್ತರದ ದಂಡ ಹೆಚ್ಚು ಎಂಬುದನ್ನು ಈ ಸೂತ್ರ ಮೊದಲೇ ಹೇಳುತ್ತಿತ್ತು.

ಮುಂಜಾನೆ ಎಂಜಿನ್ ಹೊತ್ತಿಕೊಳ್ಳದಿರುವುದಕ್ಕೆ ಕಾರಣವೂ ಚಿಕ್ಕತನವೇ. ಡೀಸೆಲ್ಲಿಗೆ ಕಿಡಿ ಇಲ್ಲ, ಒತ್ತಿದ ಗಾಳಿಯ ಕಾವೇ ಅದಕ್ಕೆ ಬೆಂಕಿಕಡ್ಡಿ. ಸಣ್ಣ ಸಿಲಿಂಡರಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಗೋಡೆಯ ಮೇಲ್ಮೈ ಹೆಚ್ಚು, ಆದ್ದರಿಂದ ಒತ್ತುವಾಗ ಹುಟ್ಟಿದ ಕಾವು ಲೋಹಕ್ಕೆ ಬೇಗ ಸೋರಿಹೋಗುತ್ತದೆ. ಕೈಯಿಂದ ಎಳೆಯುವ ನಿಧಾನ ವೇಗದಲ್ಲಿ ಉಂಗುರಗಳ ಸಂದಿಯಿಂದ ಗಾಳಿಯೂ ಸೋರುತ್ತದೆ. ಈ ಸೋರಿಕೆಗಳನ್ನು ಸೇರಿಸಿ 20ರ ಸಂಪೀಡನ ಅನುಪಾತಕ್ಕೆ, ಅಂದರೆ ಗಾಳಿಯನ್ನು ಇಪ್ಪತ್ತರಲ್ಲೊಂದು ಜಾಗಕ್ಕೆ ಒತ್ತುವುದಕ್ಕೆ, ಲೆಕ್ಕ ಹಾಕಿದರೆ, ಪುಣೆಯ 25 ಡಿಗ್ರಿಯ ಗಾಳಿ ಸುಮಾರು 350 ಡಿಗ್ರಿಗೆ ಏರುತ್ತದೆ, ಮೈನಸ್ 30ರ ಗಾಳಿ 240ರಲ್ಲೇ ನಿಲ್ಲುತ್ತದೆ. ಜೊತೆಗೆ ತೆಳು ಗಾಳಿಯಿಂದಾಗಿ ಒತ್ತಡವೂ ಅರ್ಧಕ್ಕೆ ಇಳಿದಿರುವಾಗ ಸಿಂಪಡಿಸಿದ ಹನಿ ಹೊತ್ತಿಕೊಳ್ಳುವುದಕ್ಕೆ ಮೊದಲೇ ಪಿಸ್ಟನ್ ಕೆಳಗಿಳಿದಿರುತ್ತದೆ. ಸಿಲಿಂಡರಿನೊಳಗೆ ವಿದ್ಯುತ್ತಿನಿಂದ ಕಾಯುವ ಗ್ಲೋ ಪ್ಲಗ್ ಅಥವಾ ಒಳಬರುವ ಗಾಳಿಗೆ ಹೀಟರ್ ಇಲ್ಲದೆ ಇದು ಆಗದ ಕೆಲಸ. ಅವೆರಡಕ್ಕೂ ಬ್ಯಾಟರಿ ಬೇಕು ಎನ್ನುವ ಕಾರಣಕ್ಕೆ ತೂಕ ಉಳಿಸಲು ನೀವು ಕೈಬಿಟ್ಟಿದ್ದೀರಿ ಎಂದು ನನ್ನ ಊಹೆ.

ಭೋಸರಿ ಬೆಂಚ್

ಮೇಡಂ, ನಿಮ್ಮ ಊಹೆ ಸರಿಯಾಗಿದೆ. ಗ್ಲೋ ಪ್ಲಗ್ಗಿಗೂ ಅದರ ಬ್ಯಾಟರಿಗೂ ಸೇರಿ ನಾಲ್ಕು ಕಿಲೋ ಆಗುತ್ತಿತ್ತು, 50ರ ಗಡಿಯೊಳಗೆ ಇರಬೇಕೆಂಬ ಹಟಕ್ಕೆ ಬಿಟ್ಟೆವು. ಯಾಂತ್ರಿಕ ದಕ್ಷತೆಯನ್ನು 80 ಎಂದೂ ಹಿಡಿದಿರಲಿಲ್ಲ, ಆ ಪದವನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಖಡ್ಕಿಯ ಹಿರಿಯರಿಗೆ: ಹಿಡಿಕೆಗಳು ಎಡಬಲಕ್ಕೇ ಇವೆ ಸರ್. ಕಾರ್ಖಾನೆಯ ಕಾಂಕ್ರೀಟ್ ನೆಲದ ಮೇಲೆ ಹಾಗೆ ಎತ್ತುವುದೇ ಸುಲಭವಾಗಿತ್ತು.

ಪಿಂಪ್ರಿ ಇನ್ವರ್ಟರ್

ಇಷ್ಟು ಹೊತ್ತಿನ ಮಾತೆಲ್ಲ 2 ಕಿಲೋವ್ಯಾಟ್ ಸಿಗುತ್ತದೆಯೇ ಇಲ್ಲವೇ ಎಂಬುದರ ಸುತ್ತ ತಿರುಗಿತು. ನನ್ನ ಪ್ರಶ್ನೆ ಬೇರೆ: ಆ ಠಾಣೆಗೆ 2 ಕಿಲೋವ್ಯಾಟ್ ಯಾವಾಗ ಬೇಕು? ರೇಡಿಯೋ ಬ್ಯಾಟರಿಗಳ ಚಾರ್ಜಿಂಗ್, ನಾಲ್ಕು ಎಲ್ಇಡಿ ದೀಪ, ಒಂದು ಲ್ಯಾಪ್‌ಟಾಪ್, ಕಣ್ಗಾವಲಿನ ಒಂದು ಉಪಕರಣ. ಇವುಗಳನ್ನು ಕೂಡಿಸಿದರೆ ದಿನದ ಹೆಚ್ಚಿನ ಹೊತ್ತು 300 ವ್ಯಾಟ್ ದಾಟುವುದು ಕಷ್ಟ. 2,000 ವ್ಯಾಟಿನ ಎಂಜಿನ್ 300 ವ್ಯಾಟಿಗಾಗಿ ಇಡೀ ದಿನ 3,000 ಆರ್‌ಪಿಎಂನಲ್ಲಿ ಅರಚುತ್ತಿರುತ್ತದೆ.

ಮೇಡಂ ಕೊಟ್ಟ ಅದೇ 1.3 ಕಿಲೋವ್ಯಾಟ್ ಘರ್ಷಣೆಯನ್ನು ಇಟ್ಟುಕೊಂಡು ಇಂಧನದ ಲೆಕ್ಕ ಮಾಡಿದೆ. 300 ವ್ಯಾಟ್ ಲೋಡಿಗೆ ಗಂಟೆಗೆ ಸುಮಾರು 0.4 ಲೀಟರ್, ದಿನಕ್ಕೆ ಒಂಬತ್ತು ಲೀಟರಿಗಿಂತ ಹೆಚ್ಚು. ಅದೇ ಎಂಜಿನ್ ಪುಣೆಯ ಎತ್ತರದಲ್ಲಿ 1,500 ವ್ಯಾಟಿನಲ್ಲಿ ಓಡುವಾಗ ಗಂಟೆಗೆ 0.7 ಲೀಟರ್ ಮಾತ್ರ ಕುಡಿಯುತ್ತದೆ; ಐದು ಪಟ್ಟು ಕೆಲಸಕ್ಕೆ ಎರಡು ಪಟ್ಟೂ ಇಲ್ಲದ ಇಂಧನ. ಹಾಗಾಗಿ ಒಂದು ಲಿಥಿಯಂ ಬ್ಯಾಟರಿಯನ್ನು ಪಕ್ಕದಲ್ಲಿಟ್ಟು, ಎಂಜಿನ್ನನ್ನು ದಿನಕ್ಕೆ ನಾಲ್ಕು ಸಲ ಒಂದೂವರೆ ಗಂಟೆಯಂತೆ ದುಡಿಸಿ ನಿಲ್ಲಿಸಿದರೆ ದಿನದ ಖರ್ಚು ನಾಲ್ಕು ಲೀಟರಿನ ಆಸುಪಾಸಿಗೆ ಬರುತ್ತದೆ. ಹತ್ತು ದಿನಕ್ಕೆ 50 ಲೀಟರ್ ಉಳಿತಾಯ, ತೂಕದಲ್ಲಿ 40 ಕಿಲೋಗಿಂತ ಹೆಚ್ಚು. ಎರಡು ಕಿಲೋವ್ಯಾಟ್-ಅವರ್ ಬ್ಯಾಟರಿ 20 ಕಿಲೋ ತೂಗಿದರೂ ಐದನೇ ದಿನಕ್ಕೆ ತನ್ನ ತೂಕವನ್ನು ತೀರಿಸಿರುತ್ತದೆ. ನಾಲ್ಕು ಕಿಲೋ ಗ್ಲೋ ಪ್ಲಗ್ಗಿಗೆ ಹೆದರಿದವರು ದಿನಕ್ಕೆ ನಾಲ್ಕು ಕಿಲೋ ಡೀಸೆಲ್ಲನ್ನು ಸುಮ್ಮನೆ ಸುಡುವುದಕ್ಕೆ ಒಪ್ಪಿಕೊಂಡಿದ್ದೀರಿ.

ಸುಡುತ್ತದೆ ಎಂದೂ ಹೇಳಲಾಗದು. ಮೂವತ್ತು ಪ್ರತಿಶತಕ್ಕಿಂತ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ಓಡಿದ ಡೀಸೆಲ್ ಎಂಜಿನ್ನಿನ ಗೋಡೆಗಳು ಸರಿಯಾಗಿ ಕಾಯುವುದಿಲ್ಲ, ಅರೆಬೆಂದ ಇಂಧನವೂ ಮಸಿಯೂ ಸೇರಿ ಸೈಲೆನ್ಸರಿನಲ್ಲಿ ಜಿಗುಟು ಕಪ್ಪು ದ್ರವವಾಗಿ ನಿಲ್ಲುತ್ತದೆ, ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ ಎಣ್ಣೆ ಹಿಡಿಯುವುದನ್ನೇ ಬಿಡುತ್ತದೆ. ವೆಟ್ ಸ್ಟ್ಯಾಕಿಂಗ್ ಎನ್ನುವುದು ಇದನ್ನೇ. ಪೂರ್ಣ ಲೋಡಿನಲ್ಲಿ ಓಡಿಸಿ ಪಾಸಾದ ಯಂತ್ರ ಠಾಣೆಯಲ್ಲಿ ಆರು ತಿಂಗಳಿಗೇ ಹಾಳಾಗುವುದು ಹೀಗೆ.

ಬ್ಯಾಟರಿ ಬೇಡವೆಂದರೆ ಕನಿಷ್ಠ ಎಂಜಿನ್ನಿನ ವೇಗವನ್ನಾದರೂ ಇಳಿಸಿ. ಎರಡು ಧ್ರುವದ ಆಲ್ಟರ್ನೇಟರಿನಿಂದ ನೇರವಾಗಿ 50 ಹರ್ಟ್ಜ್ ತೆಗೆಯುವವರು 3,000ಕ್ಕೆ ಕಟ್ಟುಬಿದ್ದಿರುತ್ತಾರೆ, ಇನ್ವರ್ಟರ್ ಹಾಕಿದ ನಿಮಗೆ ಆ ಬಂಧನವಿಲ್ಲ. 300 ವ್ಯಾಟಿಗೆ 1,800 ಆರ್‌ಪಿಎಂ ಸಾಕು, ಇಂಧನ ಗಂಟೆಗೆ ಕಾಲು ಲೀಟರಿಗೆ ಇಳಿಯುತ್ತದೆ. ಇನ್ವರ್ಟರಿನ ತೂಕ ಹೊತ್ತುಕೊಂಡು ಅದರ ಲಾಭ ಬಿಟ್ಟಿರುವುದು ನನಗೆ ಅರ್ಥವಾಗಲಿಲ್ಲ.

ಖಡ್ಕಿ ನಿವೃತ್ತ

ಪಿಂಪ್ರಿಯವರ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ, 300 ವ್ಯಾಟಿನ ಅಂದಾಜೂ ನನ್ನ ಅನುಭವಕ್ಕೆ ಹತ್ತಿರವೇ ಇದೆ. ಆದರೆ ಎರಡು ಮಾತು. ಮೊದಲನೆಯದಾಗಿ, ಲಿಥಿಯಂ ಬ್ಯಾಟರಿ ಸೊನ್ನೆಯ ಕೆಳಗೆ ಚಾರ್ಜ್ ಆಗುವುದಿಲ್ಲ ಎಂದು ನೀವೇ ಒಪ್ಪುತ್ತೀರಿ. ಎರಡನೆಯದಾಗಿ, ನಿಂತ ಎಂಜಿನ್ನನ್ನು ದಿನಕ್ಕೆ ನಾಲ್ಕು ಸಲ ಮತ್ತೆ ಹೊತ್ತಿಸಬೇಕು. ಅಂಥ ಚಳಿಯಲ್ಲಿ ಓಡುತ್ತಿರುವ ಯಂತ್ರವನ್ನು ನಿಲ್ಲಿಸಲು ಯಾವ ಜವಾನನಿಗೂ ಮನಸ್ಸು ಬಾರದು. ಮತ್ತೆ ಶುರುವಾಗದಿದ್ದರೆ ರೇಡಿಯೋ ಮೂಕವಾಗುತ್ತದೆ. ನಾವು ಕಡಿಮೆ ಲೋಡಿನಲ್ಲಿ ಇಡೀ ರಾತ್ರಿ ಓಡಿಸುತ್ತಿದ್ದುದು ಅಜ್ಞಾನದಿಂದಲ್ಲ, ಯಂತ್ರದ ಮೇಲೆ ವಿಶ್ವಾಸವಿಲ್ಲದ್ದರಿಂದ.

ಊರಿನ ಪಂಪ್ ಎಂಜಿನ್ನಿಗೆ ಚಳಿಗಾಲದ ಬೆಳಿಗ್ಗೆ ನಮ್ಮ ತಂದೆಯವರು ಗಾಳಿ ಹೋಗುವ ಬಾಯಿಗೆ ಒಂದು ಚಮಚ ಎಣ್ಣೆ ಬಿಟ್ಟು ಹ್ಯಾಂಡಲ್ ಸುತ್ತುತ್ತಿದ್ದರು. ಎಣ್ಣೆ ಉಂಗುರದ ಸಂದಿ ಮುಚ್ಚಿ ಒತ್ತಡ ಏರುತ್ತಿತ್ತು. ಮೇಲೆ ಆ ಉಪಾಯವನ್ನು ನಾನೂ ಮಾಡಿ ನೋಡಿದ್ದೇನೆ. 15ಡಬ್ಲ್ಯು-40 ದರ್ಜೆಯ ಎಂಜಿನ್ ಎಣ್ಣೆ ಚಮಚದಿಂದ ಬೀಳಲೇ ಇಲ್ಲ, ಹಲ್ವದ ಹಾಗೆ ಅಂಟಿಕೊಂಡಿತ್ತು.

ಇಂಧನದ ಬಗ್ಗೆಯೂ ಕೇಳಬೇಕೆಂದಿದ್ದೆ. ಪ್ರಯೋಗಕ್ಕೆ ಯಾವ ಡೀಸೆಲ್ ಒಯ್ದಿದ್ದಿರಿ? ಸಾಮಾನ್ಯ ಡೀಸೆಲ್ಲಿನ ಮೇಣ ಚಳಿಗೆ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಇಂಡಿಯನ್ ಆಯಿಲ್‌ನವರು 2019ರ ನವೆಂಬರಿನಲ್ಲಿ ಲಡಾಖಿಗಾಗಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದ ಮೇಲೆ ಕೆಳಗಿನ ವಾಹನಗಳ ಕಷ್ಟ ಬಹಳ ಕಡಿಮೆಯಾಯಿತು. ಅದಕ್ಕೂ ಮೇಲಿನ ಠಾಣೆಗಳಲ್ಲಿ ಮೈನಸ್ 40 ಎನ್ನುವುದು ಅಪರೂಪವಲ್ಲ, ಅಲ್ಲಿ ಕೈಗೆ ಸಿಗುವುದು ಸೀಮೆಎಣ್ಣೆ. ನಿಮ್ಮ ಯಂತ್ರ ಸೀಮೆಎಣ್ಣೆ ಕುಡಿದು ಬದುಕುತ್ತದೆಯೇ?

ನಿರ್ವಾಹಕರು

ಚರ್ಚೆ ಉಪಯುಕ್ತವಾಗಿ ನಡೆಯುತ್ತಿದೆ. ಠಾಣೆ, ತುಕಡಿ, ನಿಯೋಜನೆಯ ಕಾಲ ಇವುಗಳನ್ನು ಗುರುತಿಸುವಂಥ ಯಾವ ವಿವರವನ್ನೂ ಯಾರೂ ಬರೆಯಬಾರದು ಎಂದು ವಿನಂತಿ. ಇದುವರೆಗೆ ಯಾರೂ ಬರೆದಿಲ್ಲ.

ವಾಸ್ಕೊ ಹಡಗುಕಟ್ಟೆ

ಎಲ್ಲರೂ ಹಿಮದ ಮಾತನ್ನೇ ಆಡುತ್ತಿದ್ದೀರಿ. ಗೋವಾದಿಂದ ಸಮುದ್ರದ ಒಂದು ಮಾತು. ತೂಕ ಇಳಿಸಲು ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿಗೆ ಸ್ಟೀಲ್ ಬೋಲ್ಟ್, ಅದರ ಮೇಲೆ ಮೆಗ್ನೀಸಿಯಂ ಮುಚ್ಚಳ ಎಂದು ಹೋದರೆ ಉಪ್ಪುಗಾಳಿಯಲ್ಲಿ ಅದು ತಾನೇ ಒಂದು ಬ್ಯಾಟರಿಯಾಗುತ್ತದೆ, ಮೆಗ್ನೀಸಿಯಂ ಮೊದಲು ಕರಗುತ್ತದೆ. ಒಂದೇ ಮಳೆಗಾಲ ಹೊರಗಿಟ್ಟ ಯಂತ್ರದ ಬೋಲ್ಟ್ ಬಿಚ್ಚಲು ಹೋಗಿ ಎಳೆಯನ್ನೇ ಕಿತ್ತುಕೊಂಡು ಬಂದದ್ದನ್ನು ಇಲ್ಲಿ ನೋಡಿದ್ದೇನೆ. ಸೇನಾ ಉಪಕರಣಗಳ ಹವಾಮಾನ ಪರೀಕ್ಷೆಯ ಮಾನಕವಾದ ಜೆಎಸ್ಎಸ್ 55555ರ ಪಟ್ಟಿಯಲ್ಲಿ ಉಪ್ಪು, ಬೂಷ್ಟು, ಧೂಳು, ಸುರಿಮಳೆ ಎಲ್ಲವೂ ಇವೆ. ಲಡಾಖಿಗೆಂದು ಕೊಂಡ ಯಂತ್ರ ಎರಡು ವರ್ಷದ ನಂತರ ಕಾರವಾರದಲ್ಲೋ ಅಂಡಮಾನಿನಲ್ಲೋ ಇರುತ್ತದೆ.

ಪಿಂಪ್ರಿ ಇನ್ವರ್ಟರ್

ಖಡ್ಕಿಯ ಹಿರಿಯರ ಮೊದಲ ಆಕ್ಷೇಪಕ್ಕೆ ಉತ್ತರವಿದೆ. ಎಂಜಿನ್ನನ್ನು ತಂಪು ಮಾಡಿ ಹೊರಬರುವ ಬಿಸಿಗಾಳಿಯ ಒಂದು ಪಾಲನ್ನು ಬ್ಯಾಟರಿ ಪೆಟ್ಟಿಗೆಯ ಸುತ್ತ ಹಾಯಿಸಬಹುದು. ನಾವು ಕೊಡುವ ಇಂಧನದ ಐದರಲ್ಲಿ ನಾಲ್ಕು ಪಾಲು ಹೇಗೂ ಬಿಸಿಯಾಗಿಯೇ ಹೊರಗೆ ಹೋಗುತ್ತಿದೆ. ಬ್ಯಾಟರಿಯನ್ನು ಮಲಗುವ ಜಾಗದಲ್ಲೇ ಇಟ್ಟು ತಂತಿ ಮಾತ್ರ ಹೊರಗೆ ಬಿಡುವುದು ಇನ್ನೂ ಸರಳ. ಎರಡನೆಯ ಆಕ್ಷೇಪಕ್ಕೂ ಅದೇ ಬ್ಯಾಟರಿ ಉತ್ತರ ಕೊಡುತ್ತದೆ: ಆಲ್ಟರ್ನೇಟರಿಗೆ ಇನ್ವರ್ಟರಿನಿಂದ ಹಿಮ್ಮುಖವಾಗಿ ವಿದ್ಯುತ್ ಕೊಟ್ಟರೆ ಅದೇ ಸ್ಟಾರ್ಟರ್ ಮೋಟಾರಾಗುತ್ತದೆ. ಆಗ ಬೇರೆ ಸ್ಟಾರ್ಟರ್ ಬೇಡ, ಕೈಯಿಂದ ಎಳೆಯುವುದಕ್ಕಿಂತ ವೇಗವಾಗಿ ತಿರುಗಿಸಬಹುದು, ಗ್ಲೋ ಪ್ಲಗ್ಗಿಗೂ ಅಲ್ಲಿಂದಲೇ ವಿದ್ಯುತ್. ಹಗ್ಗ ಮಾತ್ರ ಇರಲಿ, ವಿಶ್ವಾಸಕ್ಕಾಗಿ.

ಹಿರಿಯರು ಹೇಳಿದ ಒಂದು ಮಾತನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಿಲ್ಲಿಸಲು ಹೆದರುವ ಯಂತ್ರಕ್ಕೆ ನನ್ನ ಇಂಧನದ ಲೆಕ್ಕವೇ ಅನ್ವಯಿಸುವುದಿಲ್ಲ. ಹಾಗಿದ್ದರೆ ತೂಕ ಕಡಿಮೆ ಮಾಡುವ ಮೊದಲ ಭಾಗ ಸ್ಟಾರ್ಟಿಂಗ್ ವ್ಯವಸ್ಥೆಯೇ ಆಯಿತು.

ಕೋಥ್ರೂಡ್ ಟೆಸ್ಟ್‌ಸೆಲ್

ಸೀಮೆಎಣ್ಣೆಯ ಪ್ರಶ್ನೆಗೆ: ಓಡುತ್ತದೆ, ಆದರೆ ಪಂಪು ನರಳುತ್ತದೆ. ಡೀಸೆಲ್ ಪಂಪಿನ ಪ್ಲಂಜರಿಗೂ ನಾಜಲ್ಲಿಗೂ ಇಂಧನವೇ ಜಾರೆಣ್ಣೆ. ಸೀಮೆಎಣ್ಣೆ ತೆಳ್ಳಗಿರುವುದರಿಂದ ಸಂದಿಯಲ್ಲಿ ಹೆಚ್ಚು ಸೋರುತ್ತದೆ, ಜಾರುವ ಗುಣವೂ ಕಡಿಮೆ. ನ್ಯಾಟೋದವರು ತಮ್ಮ ಇಂಧನಕ್ಕೆ ಇದಕ್ಕಾಗಿಯೇ ಸೇರ್ಪಡೆಗಳನ್ನು ಬೆರೆಸುತ್ತಾರೆ. ಇಂಧನ ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸೀಟೇನ್ ಸಂಖ್ಯೆಯದು ಮತ್ತೊಂದು ತೊಡಕು: ನಮ್ಮ ಬಿಎಸ್ 6 ಡೀಸೆಲ್ಲಿಗೆ ಅದು ಕನಿಷ್ಠ 51 ಇರಬೇಕೆಂಬ ನಿಯಮವಿದೆ, ಸೀಮೆಎಣ್ಣೆಗೆ ಅಂಥ ನಿಯಮವೇ ಇಲ್ಲ. ಒಂದೊಂದು ಪೀಪಾಯಿ ಒಂದೊಂದು ರೀತಿ ಹೊತ್ತಿಕೊಂಡರೆ ಅಚ್ಚರಿ ಪಡಬೇಡಿ. ಬೆಂಚಿನ ಮೇಲೆ ಸೀಮೆಎಣ್ಣೆಯಲ್ಲೇ ದೀರ್ಘಾವಧಿ ಓಡಿಸಿ ಪಂಪು ಬಿಚ್ಚಿ ನೋಡಬೇಕು.

ಪುಣೆಯಲ್ಲೇ ಎತ್ತರವನ್ನು ಸೃಷ್ಟಿಸುವ ಬಗ್ಗೆ ಒಂದು ಎಚ್ಚರಿಕೆ. ಗಾಳಿ ಒಳಬರುವ ಕೊಳವೆಗೆ ವಾಲ್ವ್ ಹಾಕಿ ಕತ್ತು ಹಿಸುಕಿದರೆ 5,000 ಮೀಟರ್ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಆಗ ಒಳಗೆ 54 ಕಿಲೋಪಾಸ್ಕಲ್, ಹೊಗೆಕೊಳವೆಯ ತುದಿಯಲ್ಲಿ ಮಾತ್ರ ಪುಣೆಯ 95. ಎಂಜಿನ್ ಆ ಅಂತರವನ್ನು ಪ್ರತಿ ಸುತ್ತಿನಲ್ಲೂ ನೂಕಬೇಕು, ಫಲಿತಾಂಶ ನಿಜಕ್ಕಿಂತ ಕೆಟ್ಟದಾಗಿ ಬರುತ್ತದೆ. ಎರಡೂ ತುದಿಗಳನ್ನೂ ಕ್ರ್ಯಾಂಕ್‌ಕೇಸನ್ನೂ ಒಂದೇ ನಿರ್ವಾತಕ್ಕೆ ಜೋಡಿಸುವ ಕೊಠಡಿ ಬೇಕು, ಅದರಲ್ಲೇ ಚಳಿಯೂ ಇದ್ದರೆ ಉತ್ತಮ. ನಿಮ್ಮ ಭೋಸರಿಗೆ ಹತ್ತಿರದ ದಿಘಿಯಲ್ಲಿ ಡಿಆರ್‌ಡಿಒದ ಎಂಜಿನಿಯರ್ಸ್ ಸಂಶೋಧನಾ ಸಂಸ್ಥೆ ಇದೆ, ಅಹಿಲ್ಯಾನಗರದಲ್ಲಿ ವಾಹನ ಸಂಶೋಧನಾ ಸಂಸ್ಥೆ ಇದೆ. ಪತ್ರ ಬರೆದು ವಿಚಾರಿಸಿ.

ಶಬ್ದದ ಬಗ್ಗೆ ಯಾರೂ ಮಾತನಾಡಲಿಲ್ಲ. ನಾಗರಿಕ ಬಳಕೆಯ ಡೀಸೆಲ್ ಸೆಟ್ಟಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಎಂಬ ಮಿತಿಯಿದೆ. ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ ಎಂಬ ನಿಯಮದಂತೆ ಅದು 64 ಮೀಟರಿನಲ್ಲಿ 39 ಆಗುತ್ತದೆ. ಪುಣೆಯ ಕರ್ವೆ ರಸ್ತೆಯಲ್ಲಿ 39 ಡೆಸಿಬೆಲ್ ಯಾರ ಕಿವಿಗೂ ಬೀಳದು. ಗಾಳಿ ನಿಂತ ಹಿಮದ ರಾತ್ರಿಯಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗಾಗಿ ಸೇನೆಗೆ ಬೇಕಾದದ್ದು ಎಷ್ಟು ದೂರದಿಂದ ಕೇಳಿಸುವುದಿಲ್ಲ ಎಂಬ ಅಳತೆ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸಲ ಸಿಡಿಯುತ್ತದೆ, ಆ ತಗ್ಗು ಸ್ವರವನ್ನು ತೆಳು ಫೋಮಿನ ಕ್ಯಾನೊಪಿ (ಹೊರ ಹೊದಿಕೆ) ತಡೆಯಲಾರದು. ತಡೆಯುವ ಸೈಲೆನ್ಸರಿಗೆ ಗಾತ್ರವೂ ತೂಕವೂ ಬೇಕು. ದಿನಕ್ಕೆ ಆರೇ ಗಂಟೆ ಓಡುವ ಯಂತ್ರವೇ ಉಳಿದ ಹದಿನೆಂಟು ಗಂಟೆ ಅತ್ಯಂತ ನಿಶ್ಶಬ್ದವಾದ ಯಂತ್ರ ಎಂಬ ಕಾರಣಕ್ಕೆ ಪಿಂಪ್ರಿಯವರ ಬ್ಯಾಟರಿ ನನಗೆ ಇಷ್ಟವಾಯಿತು.

ಆದರೆ ಅವರ ಇನ್ವರ್ಟರಿಗೂ ಒಂದು ಪರೀಕ್ಷೆ ಕಾದಿದೆ. ಕಿಡಿ ಇಲ್ಲದ ಡೀಸೆಲ್ ಎಂಜಿನ್ ರೇಡಿಯೋಗೆ ತೊಂದರೆ ಕೊಡುವುದಿಲ್ಲ ಎಂಬುದು ಹಳೆಯ ಅನುಕೂಲ. ಇನ್ವರ್ಟರಿನ ಸ್ವಿಚ್ಚಿಂಗ್ ಗದ್ದಲ ಅದೇ ಅನುಕೂಲವನ್ನು ಹಿಂದಕ್ಕೆ ಪಡೆಯುತ್ತದೆ. 3ರಿಂದ 30 ಮೆಗಾಹರ್ಟ್ಜ್ ನಡುವೆ ಕೆಲಸ ಮಾಡುವ ಎಚ್ಎಫ್ ರೇಡಿಯೋ ಸೆಟ್ಟನ್ನು ಪಕ್ಕದಲ್ಲೇ ಹಚ್ಚಿಟ್ಟು ಕೇಳಿ.

ಭೋಸರಿ ಬೆಂಚ್

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊದಲು ಪಿಂಪ್ರಿಯವರ ಮಾತಿನಂತೆ ಹಳೆಯ ಸೆಟ್ಟನ್ನೇ 300 ವ್ಯಾಟಿಗೆ ಕಟ್ಟಿ 50 ಗಂಟೆ ಓಡಿಸಿದೆವು. ಸೈಲೆನ್ಸರ್ ಬಿಚ್ಚಿದಾಗ ಒಳಗೆ ಕಾಕಂಬಿಯಂಥ ಕಪ್ಪು ಜಿಗುಟು. ಇದೇ ಸೆಟ್ಟು 200 ಗಂಟೆ ಪೂರ್ಣ ಲೋಡಿನಲ್ಲಿ ಓಡಿದ ಮೇಲೆ ಒಳಗೆಲ್ಲ ಒಣ ಮಸಿ ಮಾತ್ರ ಇತ್ತೆಂಬ ಫೋಟೋ ನಮ್ಮಲ್ಲಿದೆ. ಆ ಫೋಟೋವನ್ನು ನಾವು ಪ್ರಸ್ತಾವನೆಯ ಮೊದಲ ಪುಟದಲ್ಲಿ ಹಾಕಿದ್ದೆವು.

ಈಗ ವಿನ್ಯಾಸ ಹೀಗೆ ಬದಲಾಗುತ್ತಿದೆ. ಎಂಜಿನ್ 230 ಸಿಸಿಯೇ ಇರಲಿದೆ, ಆದರೆ ಅದರ ಹಣೆಪಟ್ಟಿಯ ಮೇಲೆ 5,000 ಮೀಟರಿಗೆ 1 ಕಿಲೋವ್ಯಾಟ್ ಎಂದೇ ಬರೆಯುತ್ತೇವೆ. ಗ್ಲೋ ಪ್ಲಗ್ ಮರಳಿ ಬಂದಿದೆ, ಆಲ್ಟರ್ನೇಟರೇ ಸ್ಟಾರ್ಟರ್ ಆಗಿದೆ. ಲೋಡಿಗೆ ತಕ್ಕಂತೆ ವೇಗ ಬದಲಾಗುತ್ತದೆ. ಎಂಜಿನ್ನಿನ ಗಂಟು 31 ಕಿಲೋ. ಬ್ಯಾಟರಿ, ಇನ್ವರ್ಟರ್ ಸೇರಿದ ಎರಡನೆಯ ಗಂಟು 29. ನಡುವೆ ಒಂದೇ ಕೇಬಲ್. ಒಟ್ಟು 60 ಕಿಲೋ, ಅಂದರೆ ನಾವು ಹೆಮ್ಮೆಪಟ್ಟಿದ್ದ ಅಂಕಿಗಿಂತ 14 ಕಿಲೋ ಹೆಚ್ಚು. ಆದರೆ ಹತ್ತು ದಿನದ ಇಂಧನ ಸೇರಿಸಿ ತೂಗಿದರೆ ಹಳೆಯದಕ್ಕಿಂತ ಸುಮಾರು 27 ಕಿಲೋ ಕಡಿಮೆ. ಪ್ರಸ್ತಾವನೆಯಲ್ಲಿ ಒಣತೂಕದ (ಇಂಧನವಿಲ್ಲದ ತೂಕದ) ಕಾಲಮ್ಮಿನ ಪಕ್ಕ ಹತ್ತು ದಿನದ ತೂಕ ಎಂಬ ಕಾಲಮ್ಮನ್ನು ನಾವೇ ಸೇರಿಸಿದ್ದೇವೆ. ತುಲನೆ ಮಾಡುವವರು ಒಣತೂಕವನ್ನಷ್ಟೇ ನೋಡಿದರೆ ನಾವು ಸೋಲುತ್ತೇವೆ, ಆ ಅಪಾಯ ಇದ್ದೇ ಇದೆ.

ಚಳಿಕೊಠಡಿಯಲ್ಲಿ ಮೈನಸ್ 30ರಲ್ಲಿ ಹನ್ನೆರಡು ಗಂಟೆ ನೆನೆಸಿಟ್ಟು ಹತ್ತು ಸಲ ಹೊತ್ತಿಸಿದೆವು. ಎಂಟು ಸಲ ಒಂದು ನಿಮಿಷದೊಳಗೆ, ಒಮ್ಮೆ ನಾಲ್ಕು ನಿಮಿಷಕ್ಕೆ, ಒಮ್ಮೆ ಆಗಲೇ ಇಲ್ಲ. ಆಗದ ಆ ಒಂದರ ಕಾರಣ ಇನ್ನೂ ಸಿಕ್ಕಿಲ್ಲ. ಅದು ಸಿಗುವವರೆಗೆ ಮೇಲಕ್ಕೆ ಕಳಿಸುವುದಿಲ್ಲ. ಸೀಮೆಎಣ್ಣೆಯ ಪರೀಕ್ಷೆ, ಎಚ್ಎಫ್ ರೇಡಿಯೋ ಪರೀಕ್ಷೆ ಎರಡೂ ಬಾಕಿ ಇವೆ. ವಾಸ್ಕೊದವರ ಮಾತಿಗೆ ಬೆಲೆ ಕೊಟ್ಟು ಮೆಗ್ನೀಸಿಯಂ ಮುಚ್ಚಳದ ಆಸೆ ಬಿಟ್ಟೆವು, ಅದರಿಂದ ಉಳಿಯುತ್ತಿದ್ದದ್ದು 600 ಗ್ರಾಂ.

ಖಡ್ಕಿ ನಿವೃತ್ತ

ಹತ್ತರಲ್ಲಿ ಒಂದು ಸಲ ಕೈಕೊಟ್ಟಿತು ಎಂದು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ನೆನೆಸಿಟ್ಟ ಹನ್ನೆರಡು ಗಂಟೆಯಲ್ಲಿ ನಾಜಲ್ಲಿನ ಹಿಂದಿನ ಕೊಳವೆಗೆ ಗಾಳಿ ಸೇರಿತ್ತೇ ಎಂದು ನೋಡಿ. ಚಳಿಗೆ ವಾಷರುಗಳು ಕುಗ್ಗಿ ಅಲ್ಲಿಂದ ಗಾಳಿ ಎಳೆಯುವುದನ್ನು ಬಹಳ ಸಲ ಕಂಡಿದ್ದೇನೆ. ಇನ್ನೊಂದು ಪ್ರಶ್ನೆ: ಚಳಿಕೊಠಡಿಯಲ್ಲಿ ಇಂಧನದ ಮುಚ್ಚಳ ತೆರೆದವರು ಕೈಗೆ ಏನು ಹಾಕಿಕೊಂಡಿದ್ದರು?

ಭೋಸರಿ ಬೆಂಚ್

ತೆಳು ರಬ್ಬರ್ ಕೈಗವಸು ಸರ್. ನಿಮ್ಮ ಪ್ರಶ್ನೆ ಓದಿದ ಮೇಲೆ ಮೂರು ಪದರದ ಉಣ್ಣೆ ಕೈಗವಸು ಹಾಕಿಸಿ ಇಂದು ಮಧ್ಯಾಹ್ನ ಮತ್ತೆ ಪ್ರಯತ್ನಿಸಿದೆವು. ಮುಚ್ಚಳ ತಿರುಗಲಿಲ್ಲ, ಇಂಧನ ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರಬಿಡುವ ಏರ್ ಬ್ಲೀಡ್ ಸ್ಕ್ರೂ ಅಂತೂ ಬೆರಳಿಗೇ ಸಿಗಲಿಲ್ಲ. ಎರಡಕ್ಕೂ ಚಿಟ್ಟೆಯ ರೆಕ್ಕೆಯಂಥ ಅಗಲದ ಹಿಡಿಗಳನ್ನು ಕೂಡಿಸಲು ಟರ್ನರಿಗೆ ಚಿತ್ರ ಬರೆದು ಕೊಟ್ಟಿದ್ದೇನೆ; ವಾಷರುಗಳನ್ನು ನಾಳೆ ಬೆಳಿಗ್ಗೆ ಬಿಚ್ಚಿ ನೋಡುತ್ತೇವೆ.